ಹತ್ತನೇ ಕಡ್ಡಿ

ಬಿದಿರಿನ ಖಾಲಿ ಚಟ್ಟ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿತು. ಜಯಣ್ಣ ಈ ಕಡೆಯಿಂದ ಎಳೆದ, ಸತ್ತ ದಾಮೋದರನ ಮೊಮ್ಮಗ ಅಭಿಜಿತ್ ಆ ಕಡೆಯಿಂದ ನೂಕಿದ. ಅದು ಜಪ್ಪಯ್ಯ ಅನ್ನಲಿಲ್ಲ.

“ನಾಲ್ಕು ಬೆರಳು ಅಗಲ ಜಾಸ್ತಿ ಆಯ್ತು ಕಣಪ್ಪ. ಅಳತೆ ಮನುಷ್ಯ ಸತ್ತ ಮನೇಲೇ ಅಳತೆ ತಪ್ತಲ್ಲೋ!” ಎಂದ ಜಯಣ್ಣ.

ಶ್ರೀಕಾರ್ಯಂ ಊರಿನ ಆ ಪುಟ್ಟ ಅಂಗಳದಲ್ಲಿ ಕೂತವರೆಲ್ಲ ನಕ್ಕುಬಿಟ್ಟರು. ದಾಮೋದರನ ಮನೆಗೆ ಬಂದು ನಗದೆ ಎದ್ದುಹೋದವರೇ ಇರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕಾಸರಗೋಡಿನಿಂದ ಬಂದು ಗಣಿ ಸರ್ವೆ ಕಚೇರಿಯಲ್ಲಿ ಜೀವಮಾನವೆಲ್ಲ ಟೇಪು ಹಿಡಿದ. ಅದೇ ಕಚೇರಿಯ ಜೀಪು ಓಡಿಸಿದವನು ಮೈಸೂರಿನ ಜಯಣ್ಣ. ಒಮ್ಮೆ ಹೆಬ್ಬಾವೊಂದು ಟೇಪಿನ ತುದಿ ನುಂಗಿತಂತೆ. ದಾಮೋದರ ಟೇಪು ಬಿಡಲಿಲ್ಲವಂತೆ. ತುದಿ ಬಾಲದವರೆಗೆ ಇಳಿಯಲಿ ಎಂದು ಕಾದು, ಹಾವಿನ ಉದ್ದ ಓದಿಕೊಂಡು, ಆಮೇಲೆ ಎಳೆದನಂತೆ.

“ಆ ಅಳತೆ ಕಡ್ಡಿ ಕಳೆದ ಕತೆ ಹೇಳಿ,” ಎಂದರು ಪಕ್ಕದ ಮನೆಯ ಪಂಕಜಾ. “ಒಂದ್ಸಲ ಮಂಗ ಕದ್ದಿತ್ತು ಅಂತಿದ್ರು.”

“ನಮ್ಗೆ ಆನೆ ಅಂದಿದ್ರು. ಹಲ್ಲು ಕುತ್ತಿಕೊಳ್ಳೋಕೆ ತಗೊಂಡು ಹೋಯ್ತಂತೆ,” ಎಂದಿತು ಇನ್ನೊಂದು ದನಿ.

ಮತ್ತೆ ನಗು. ಈ ಸಲ ಜಯಣ್ಣ ಮಾತ್ರ ನಗಲಿಲ್ಲ. ಆ ಕಡ್ಡಿ ನಿಜಕ್ಕೂ ಕಳೆದಿತ್ತು.

ಅಷ್ಟರಲ್ಲಿ ನಿಶಾ ಬಂದಳು. ಧಾರವಾಡದ ಹುಡುಗಿ, ಕೊಚ್ಚಿಯ ಕಚೇರಿಯಲ್ಲಿ ಕುಳಿತು ಹಳೆಯ ಗಣಿಗಳ ಸರ್ಕಾರಿ ಕೈಪಿಡಿ ತಿದ್ದುತ್ತಿದ್ದವಳು. ಸುದ್ದಿ ಕೇಳಿ ಬೆಳಗಿನ ರೈಲಿಗೇ ಹೊರಟಿದ್ದಳು. ಹೆಣಕ್ಕೆ ಕೈಮುಗಿದು ಜಯಣ್ಣನ ಪಕ್ಕ ಕೂತಳು.

“ದಾಮೋದರ ಅಜ್ಜಾರು ನಮ್ಮ ಕೈಪಿಡ್ಯಾಗ ಏಳು ತಪ್ಪು ತೋರಿಸಿ ಪತ್ರ ಬರೆಸಿದ್ರು. ಕರಿಂಕುನ್ನಿನ ಪೆನ್ಸಿಲ್ ಸೀಸದ ಗಣಿನ ನಾವು ಕಲ್ಲಿದ್ದಲು ಗಣಿ ಅಂತ ಅಚ್ಚು ಹಾಕ್ಸಿದ್ವಿ! ಆರು ತಪ್ಪು ತಿದ್ದೀನಿ. ಏಳನೇದು ಗಣಿ ಬಾಯಿದು. ನಮ್ಮ ಬೋರ್ಡು ಇರೋ ಜಾಗ ಅಲ್ಲ, ಮೂವತ್ತು ಮೀಟರ್ ಮುಂದ ಅಂತಿದ್ರು. ಹೆಂಗ್ ಗೊತ್ತು ಅಂದ್ರ ನಕ್ಕು ಸುಮ್ಮನಾಗ್ತಿದ್ರು. ಮೂಲ ನಕಾಶೆದಾಗ ಬೋರ್ಡಿನ ಜಾಗನೇ ಐತಿ. ಕಾರಣ ಇಲ್ದ ನಾ ಹೆಂಗ ತಿದ್ಲಿ? ನಾಳೆ ಅಚ್ಚಿಗೆ ಹೋಗ್ತದ.”

“ಆ ಮುಂದಿನ ಜಾಗ್ದಲ್ಲಿ ಏನು ಮಾಡ್ತೀರವ್ವ?”

“ಹಲಸಿನ ಮರ ಐತಲ್ರಿ, ಅದರ ನೆರಳಿಗೆ ಶಾಲಿ ಮಕ್ಕಳು ಕೂತು ಉಣ್ಣಾಕ ಕಟ್ಟಿ.”

ಬೋರ್ಡಿನಿಂದ ಮೂವತ್ತು ಮೀಟರ್ ಮುಂದೆ ಎಂದರೆ ಆ ಹಲಸಿನ ಬುಡವೇ ಎಂದು ಜಯಣ್ಣ ಲೆಕ್ಕ ಹಾಕಿದ.

*

ಎಂಬತ್ತೆಂಟನೇ ಇಸವಿ, ಕರಿಂಕುನ್ನು ಗುಡ್ಡ. ರಸ್ತೆಯ ಗಡಿಕಲ್ಲಿನಿಂದ ಗಣಿಯ ಬಾಯಿಗೆ ದೂರ ಅಳೆಯುತ್ತಿದ್ದರು. ಮುಂದಿನವನು ಟೇಪು ಎಳೆದು ಮೂವತ್ತು ಮೀಟರಿಗೊಂದು ಕಬ್ಬಿಣದ ಕಡ್ಡಿ ನೆಡುತ್ತ ಹೋಗಬೇಕು, ಹಿಂದಿನವನು ಅವನ್ನು ಕಿತ್ತುಕೊಳ್ಳುತ್ತ ಬರಬೇಕು. ಕೊನೆಗೆ ಹಿಂದಿನವನ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಟೇಪು ದೂರ. ಅವತ್ತು ಹಿಂದಿನವನು ದಾಮೋದರ. ಗಣಿಯ ಬಾಯಿಗೆ ಹಲಗೆ ಹೊದಿಸಿ ಮಣ್ಣು ಮುಚ್ಚಿ ಆಗಿತ್ತು. ಸಾಹೇಬರು “ಎಷ್ಟು?” ಎಂದರು. ದಾಮೋದರ ಕೈ ನೋಡಿ “ಒಂಬತ್ತು” ಎಂದ. ಸಾಹೇಬರು ಬರೆದುಕೊಂಡರು.

ಸಂಜೆ ಜೀಪಿನಲ್ಲಿ ಕಟ್ಟು ಬಿಚ್ಚಿದರೆ ಹತ್ತರಲ್ಲಿ ಒಂದು ಇಲ್ಲ. ಪೊದೆಯಲ್ಲೆಲ್ಲೋ ಬಿಟ್ಟು ಬಂದಿದ್ದ.

“ಜಯಣ್ಣ, ಕೆಲಸ ಇನ್ನೂ ಖಾಯಂ ಆಗ್ಲಿಲ್ಲ. ಯಾರಿಗೂ ಹೇಳ್ಬೇಡ ಮಾರಾಯ,” ಎಂದಿದ್ದ ದಾಮೋದರ. ಅವನ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಮರುವಾರದಿಂದಲೇ ಮಂಗನ ಕತೆ ಶುರುವಾಯಿತು.

*

ಕೊಟ್ಟ ಮಾತು ಮೂವತ್ತೇಳು ವರ್ಷದ್ದು. ಅದನ್ನು ಮುರಿಯುವುದು, ಅದೂ ಗೆಳೆಯನ ಹೆಣದ ಮುಂದೆ, ಹೆಂಡತಿ ಮೊಮ್ಮಗನ ಎದುರು! ಜಯಣ್ಣ ಒಮ್ಮೆ ದಾಮೋದರನ ಮುಖ ನೋಡಿದ, ಒಮ್ಮೆ ನಿಶಾಳ ಚೀಲದಿಂದ ಇಣುಕುತ್ತಿದ್ದ ಕರಡು ಪ್ರತಿ ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟ.

“ಆ ತಪ್ಪು ನಿಮ್ಮ ಕಚೇರೀದಲ್ಲ ಕಣವ್ವ. ಇವನದ್ದು. ಕಡ್ಡಿ ಕಳ್ಕೊಂಡು ಒಂದು ಟೇಪು ಕಮ್ಮಿ ಎಣಿಸ್ದ.”

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು.

“ಇದೂ ಕತೀನಾ ಅಜ್ಜಾರ?” ಎಂದಳು ನಿಶಾ ಮೆಲ್ಲಗೆ.

ತಪ್ಪಲ್ಲ ಅವಳು ಕೇಳಿದ್ದು. ಆನೆ, ಮಂಗಗಳ ಸಾಲಿನಲ್ಲಿ ಇದನ್ನು ಯಾರು ನಂಬಬೇಕು?

ದಾಮೋದರನ ತಲೆಯ ಬಳಿ ಕೂತಿದ್ದ ಹೆಂಡತಿ ದಾಕ್ಷಾಯಣಿ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಹಳೆಯ ಟೇಪು, ಕಡ್ಡಿಗಳ ಕಟ್ಟು. ಒಂದೊಂದು ಕಡ್ಡಿಯ ತಲೆಯ ಬಳೆಗೂ ಕೆಂಪು ಬಟ್ಟೆಯ ಚೂರು.

“ಒಂಬತ್ತೇ ಉಂಟು, ಎಣಿಸಿ ನೋಡಿ,” ಎಂದರು. “ಪ್ರತಿ ಆದಿತ್ಯವಾರ ಕಪ್ಪ, ಮರಗೆಣಸು ತರ್ಲಿಕ್ಕೆ ಅಂತ ಎರಡು ಬಸ್ಸು ಹತ್ತಿ ಆ ಗುಡ್ಡಕ್ಕೆ ಹೋಗ್ತಿದ್ರು. ಕಪ್ಪ ಚಾಲೆ ಮಾರ್ಕೆಟಲ್ಲಿ ಸಿಗುದಿಲ್ವಾ? ಕೈತುಂಬ ಮುಳ್ಳು ಗೀರಿದ ಗಾಯ. ಕೇಳಿದ್ರೆ ಹುಲಿ ಪರಚಿದ್ದು ಅಂತ. ವರ್ಷಕ್ಕೊಮ್ಮೆ ನನ್ನ ಕೆಂಪು ಸೀರೆಯ ಸೆರಗಲ್ಲಿ ಒಂದು ತುಂಡು ಮಾಯ. ಇಲಿ ಕಡಿದದ್ದಂತೆ. ಇಲಿ ಕತ್ತರಿಯಲ್ಲಿ ಕಡೀತದಾ? ಎಂಥದೋ ಉಂಟು ಅಂತ ಗೊತ್ತಿತ್ತು, ಕೇಳ್ಲಿಲ್ಲ.”

ಕಟ್ಟನ್ನು ಜಯಣ್ಣನ ಮಡಿಲಿಗಿಟ್ಟರು. “ನೀವು ಹೇಳಿದ್ದು ಒಳ್ಳೇದಾಯ್ತು ಅಣ್ಣ. ಇವತ್ತೇ ಹೋಗಿ ಅಳೀರಿ.”

“ಅಮ್ಮೂಮ್ಮೇ, ಆಂಬುಲೆನ್ಸ್ ವನ್ನು,” ಎಂದು ಗಾಡಿ ಬಂದದ್ದನ್ನು ಅಜ್ಜಿಗೆ ಹೇಳಿದ ಅಭಿಜಿತ್. ಖಾಲಿ ಚಟ್ಟವನ್ನು ಅಡ್ಡ ಮಾಡಿ ಗೇಟಿನಾಚೆ ದಾಟಿಸಿ, ಹೆಣವನ್ನು ಎತ್ತಿ ತಂದು ಅದರ ಮೇಲಿಟ್ಟರು.

*

ಶಾಂತಿಕವಾಡದ ಸ್ಮಶಾನದಿಂದ ಬಂದು, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಜಯಣ್ಣ, ನಿಶಾ, ಅಭಿಜಿತ್ ಮೂವರೂ ಗುಡ್ಡ ಹತ್ತಿದಾಗ ನಾಲ್ಕು ಗಂಟೆ. ರಸ್ತೆ ಬದಿಯ ಗಡಿಕಲ್ಲಿನಿಂದ ಅಭಿಜಿತ್ ಒಂಬತ್ತು ಕಡ್ಡಿ ಹಿಡಿದು ಮುಂದೆ ನಡೆದ. ದಾಮೋದರನ ಜಾಗದಲ್ಲಿ ಜಯಣ್ಣ ಹಿಂದೆ. ಒಂದೊಂದು ಕಡ್ಡಿ ಕಿತ್ತಾಗಲೂ ಗಟ್ಟಿಯಾಗಿ ಎಣಿಸಿದ. ಒಂಬತ್ತಕ್ಕೆ ಸರ್ಕಾರದ ಬೋರ್ಡು ಬಂತು.

“ಇನ್ನೂ ಒಂದು ಟೇಪು ಎಳಿ ಮಗಾ.”

ಅಭಿಜಿತ್ ಹಲಸಿನ ಮರದತ್ತ ನಡೆದ. ಟೇಪು ಬಿಗಿಯಾಯಿತು. ಅವನ ಎದುರಿಗೆ ಒತ್ತಾಗಿ ಪೇರಿಸಿದ ಮುಳ್ಳಿನ ರಾಶಿ. ಅಡಿಯಲ್ಲಿ ಒಣಗಿ ಪುಡಿಯಾದದ್ದು, ಮೇಲೆ ಎಲೆ ಇನ್ನೂ ಬಾಡದ್ದು.

“ಮಾಮಾ, ಕಡ್ಡಿ ತೀರ್ನ್ನು! ಇನಿ ಎಂತ್ ನಡುಂ?” ಕಡ್ಡಿ ಮುಗಿದಿತ್ತು, ಇನ್ನೇನು ನೆಡಲಿ ಎಂದು ಬರಿಗೈ ತೋರಿಸಿದ.

ಆಮೇಲೆ ಬಗ್ಗಿ ಕೆಳಗೆ ನೋಡಿದ.

ಟೇಪಿನ ತುದಿ ಮುಟ್ಟಿದಲ್ಲೇ, ಮುಳ್ಳಿನ ನಡುವೆ, ತುಕ್ಕು ಹಿಡಿದ ಕಡ್ಡಿಯೊಂದು ಮೊದಲೇ ನೆಟ್ಟಗೆ ನಿಂತಿತ್ತು. ಅದರ ಬಳೆಯಲ್ಲಿ, ಇನ್ನೂ ಬಣ್ಣ ಮಾಸದ ಕೆಂಪು ಸೆರಗಿನ ಚೂರು ಗಾಳಿಗೆ ಆಡುತ್ತಿತ್ತು.