ದೊಡ್ಡವಳ ಹಿತ್ತಲಿಗೂ ಒಂದು ಕೊಳವೆ

ಪೆಟ್ರೋಲ್ ಬಂಕಿನ ಹಿಂದೆ ಎರಡು ಮನೆ, ನಡುವೆ ಒಂದು ಗೋಡೆ. ಒಂದರಲ್ಲಿ ಅಣ್ಣನ ಹೆಂಡತಿ, ಇನ್ನೊಂದರಲ್ಲಿ ತಮ್ಮನ ಹೆಂಡತಿ. ಓರಗಿತ್ತಿಯರು ಅಂದಮೇಲೆ ಹೇಳಬೇಕೇ? ಚಿಕ್ಕವಳು ಕಿಟಕಿಗೆ ಹೊಸ ಪರದೆ ಹಾಕಿದರೆ ದೊಡ್ಡವಳಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಬಂಕಿನ ನೆಲದಡಿಯ ಟ್ಯಾಂಕ್ ಸೋರುತ್ತಿದೆ ಎಂಬ ಅನುಮಾನ ಬಂದು ನೀರು ಪರೀಕ್ಷೆಯವರು ಬಂದರು. "ನನ್ನ ಹಿತ್ತಲೇನು ಬಿಟ್ಟಿ ಬಿದ್ದಿದೆಯಾ ಅಗೆಯೋಕೆ? ನಡೀರಿ, ನಡೀರಿ" ಎಂದು ದೊಡ್ಡವಳು ಅಟ್ಟಿಬಿಟ್ಟಳು. ಚಿಕ್ಕವಳು ಒಳಗೆ ಕರೆದಳು. ಅವಳ ಹಿತ್ತಲಲ್ಲಿ ಸಣ್ಣ ಕೊಳವೆ ಇಳಿಯಿತು, ಮೇಲೆ ಮಿರಮಿರ ಮಿಂಚುವ ಮುಚ್ಚಳ, ಅದಕ್ಕೊಂದು ಬೀಗ.

ಅಷ್ಟೇ, ದೊಡ್ಡವಳ ಹೊಟ್ಟೆಗೆ ಬೆಂಕಿ ಬಿತ್ತು. ನೀರು ತೆಗೆಯಲು ಪರೀಕ್ಷೆಯ ಹುಡುಗಿ ಬಂದಾಗಲೆಲ್ಲ ಇವಳು ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಗೋಡೆಯಾಚೆ ಇಣುಕುತ್ತಿದ್ದಳು.

"ನೋಡೇ, ಅವಳಿಗೆ ಪುಕ್ಕಟೆ ಬೋರ್‌ವೆಲ್! ನಗುನಗ್ತಾ ಮಾತು ಬೇರೆ! ಹೊಟ್ಟೆ ಉರೀತಿದೆ ಕಣೇ ನಂಗೆ."

ಬಸುರಿ ಸೊಸೆ ನಕ್ಕಳು. "ಬೇಡ ಅಂದಿದ್ದು ನೀವೇ ಅಲ್ವಾ ಅತ್ತೆ?"

"ನಾನು ಬೇಡ ಅಂದ್ರೆ ಅವರು ಇನ್ನೊಂದ್ಸಲ ಕೇಳಬಾರ್ದಾ?"

ಕೊನೆಗೆ ತಾನೇ ಹೋಗಿ ಹುಡುಗಿಯನ್ನು ತಡೆದಳು. "ನಂಗೂ ಒಂದು ಹಾಕ್ರಿ. ಅವಳದ್ದಕ್ಕಿಂತ ದೊಡ್ಡದು."

"ಇದು ಬಳಸೋ ಬೋರ್‌ವೆಲ್ ಅಲ್ಲಮ್ಮ. ನೆಲದೊಳಗಿನ ನೀರಿಗೆ ಪೆಟ್ರೋಲ್ ಸೇರಿದೆಯಾ ಅಂತ ನೋಡೋ ಕೊಳವೆ. ಹಾಕ್ತೀವಿ, ನಿಮ್ಮ ಬಾವಿ ನೀರನ್ನೂ ಒಯ್ತೀವಿ."

ದೊಡ್ಡವಳ ಹಿತ್ತಲಲ್ಲೂ ಕೊಳವೆ ಇಳಿಯಿತು. ನೀರು ತುಂಬಿದ ಗಾಜಿನ ಸಣ್ಣ ಸೀಸೆಗಳು ಮಂಜುಗಡ್ಡೆಯ ಡಬ್ಬಿಯಲ್ಲಿ ಪರೀಕ್ಷೆಗೆ ಹೋದವು. ಹುಡುಗಿ ಫಲಿತಾಂಶ ತಂದ ದಿನ ದೊಡ್ಡವಳ ಮೊದಲ ಪ್ರಶ್ನೆ, "ಅವಳದ್ದು ಹೇಗಿದೆ?"

"ಅವರ ಕೊಳವೆ ನೀರು, ಬಾವಿ ನೀರು ಎರಡೂ ಚೆನ್ನಾಗಿವೆ. ನಿಮ್ಮ ಕೊಳವೆ, ಬಾವಿ ಎರಡರಲ್ಲೂ ಪೆಟ್ರೋಲಿನ ಅಂಶ ಇದೆ."

"ಅಯ್ಯೋ, ನೆಲದೊಳಗೂ ಅವಳ ಕಡೆಗೇ ಪಕ್ಷಪಾತನಾ! ಮಧ್ಯೆ ಇರೋದು ಒಂದು ಗೋಡೆ ಅಲ್ವಾ?"

"ಗೋಡೆ ಮೇಲಿದೆ ಅಮ್ಮ. ಕೆಳಗೆ ನೀರು ತನ್ನ ಇಳಿಜಾರಲ್ಲಿ ಹೋಗುತ್ತೆ. ಅದು ನಿಮ್ಮ ಕಡೆ ಬಂದಿದೆ."

"ವಾಸನೆನೇ ಇಲ್ವಲ್ಲ. ಕುದಿಸಿ ಕುಡಿದ್ರಾಯ್ತು ಬಿಡು."

"ಮೂಗಿಗೆ ಗೊತ್ತಾಗದಷ್ಟಿದ್ರೂ ಕೆಡುಕೇ. ಕುದಿಸಿದ್ರೆ ಹಬೆ ಜೊತೆ ಮನೆಯೊಳಗೇ ಹರಡುತ್ತೆ. ಕುಡಿಯೋಕೆ, ಅಡುಗೆಗೆ ಇವತ್ತಿಂದ ಬೇಡ. ಸೊಸೆ ಹೊಟ್ಟೆಯಲ್ಲಿರೋ ಮಗು ನೆನಪಿರ್ಲಿ."

ಅವಳ ಬೆನ್ನ ಹಿಂದೆ ಸೊಸೆ ಬಾವಿ ನೀರಿನ ಲೋಟವನ್ನು ಬಾಯಿಗೆ ಎತ್ತುತ್ತಿದ್ದಳು. ದೊಡ್ಡವಳು ಓಡಿಹೋಗಿ ಕಿತ್ತುಕೊಂಡು ಬಚ್ಚಲಿಗೆ ಸುರಿದಳು. ಇಷ್ಟು ತಿಂಗಳು ಅದೇ ನೀರನ್ನು ತಾನೇ ಒತ್ತಾಯ ಮಾಡಿ ಕುಡಿಸಿದ್ದಳು.

"ಬಾಯಾರಿದೆ ಅತ್ತೆ" ಎಂದಳು ಸೊಸೆ.

ಓರಗಿತ್ತಿಯ ಮನೆಯಿಂದ ಒಂದು ಕಡ್ಡಿಪೊಟ್ಟಣವನ್ನೂ ಕೇಳದ ಹೆಂಗಸು ಖಾಲಿ ಕೊಡ ಹಿಡಿದು ಹೋಗಿ ಬಾಗಿಲು ತಟ್ಟಿದಳು.

"ಲೇ, ನಿನ್ನ ನೀರು ಚೆನ್ನಾಗಿದೆಯಂತೆ. ಒಂದು ಕೊಡ ಕೊಡು."

"ಕೊಡ ಯಾಕಕ್ಕಾ, ಹೆರಿಗೆ ಆಗೋವರೆಗೂ ಸೊಸೆ ಇಲ್ಲೇ ಇರ್ಲಿ."

"ಅದೆಲ್ಲ ಆಗಲ್ಲ. ನೀರು ನಿಂದು, ಸೊಸೆ ನಂದು" ಎಂದಳು ದೊಡ್ಡವಳು, ಕಣ್ಣೊರೆಸಿಕೊಳ್ಳುತ್ತ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆ ಬಂಕ್ ಅಥವಾ ಡೀಸೆಲ್ ಟ್ಯಾಂಕಿನ ಹತ್ತಿರವಿದೆಯೇ? ಪರೀಕ್ಷೆಯವರು ಬಂದರೆ ಜಾಗ ಕೊಡಿ, ಬರದಿದ್ದರೆ ನೀವೇ ಕರೆಯಿರಿ. ಕೊಳವೆಯ ಮುಚ್ಚಳ ಮುಟ್ಟಬೇಡಿ, ಅದರೊಳಗೆ ಏನೂ ಸುರಿಯಬೇಡಿ. ಪಕ್ಕದ ಮನೆಯ ನೀರು ಶುದ್ಧವಿದ್ದ ಮಾತ್ರಕ್ಕೆ ನಿಮ್ಮದೂ ಶುದ್ಧವೆಂದಲ್ಲ. ಹೊಟ್ಟೆಕಿಚ್ಚು ಪಟ್ಟಾದರೂ ಸರಿ, ನಿಮ್ಮ ಮಗುವಿನ ಲೋಟಕ್ಕೆ ಬೀಳುವ ನೀರನ್ನು ಮೊದಲು ಪರೀಕ್ಷೆ ಮಾಡಿಸಿ.