ಜೋಡಿಯಿಲ್ಲದ ಅಕ್ಷರಗಳು

ಅಪ್ಪ ತೀರಿಕೊಂಡ ಮೇಲೆ ಪಾತ್ರೆ ಅಂಗಡಿಯ ನಡುವೆ ಗೋಡೆ ಎದ್ದಿತು. ಎಡಗಡೆಯ ಬಾಗಿಲು ಅಣ್ಣನಿಗೆ, ಬಲಗಡೆಯದು ತಮ್ಮನಿಗೆ. ತಕ್ಕಡಿ, ಕಪಾಟು, ಕೊನೆಗೆ ಕಸದ ಬುಟ್ಟಿಯೂ ಪಾಲಾಯಿತು. ಉಳಿದದ್ದು ಮೇಲಿದ್ದ ಹೆಸರು, ಅಪ್ಪ ತಾನೇ ಎರಕ ಹೊಯ್ದ ಹಿತ್ತಾಳೆಯ ‘ಸಮರಸ’. ಹೆಸರು ಸಮರಸ, ಒಳಗೆ ಬರೀ ಸಮರ ಎಂದು ಬೀದಿಯವರು ಆಡಿಕೊಂಡು ನಗುತ್ತಿದ್ದರು.

ಹೆಸರು ತನ್ನ ಬಾಗಿಲಿಂದಲೇ ಶುರುವಾಗಬೇಕೆಂದು ಇಬ್ಬರದೂ ಹಠ. ಕೊನೆಗೆ ಇಬ್ಬರ ನಡುವೆ ಹುಟ್ಟಿದವಳನ್ನು ಕರೆಸಿದರು. ಬೋರ್ಡು ಕೂರಿಸುವುದು ಅವಳ ಕಸುಬು, ಕಲಿಸಿದವನು ಅಪ್ಪನೇ. ಅಪ್ಪನದೆಂದು ಏನಾದರೊಂದು ತನಗೂ ಬೇಕೆಂಬ ಆಸೆ ಅವಳಿಗೆ ಬಹಳವಿತ್ತು. ಪಾಲಿನ ದಿನ ಯಾರೂ ಕೇಳಲಿಲ್ಲ, ಅವಳೂ ಬಾಯಿಬಿಡಲಿಲ್ಲ.

“ಆ ಕಡೆಯಿಂದ ಓದಿದ್ರೂ ಈ ಕಡೆಯಿಂದ ಓದಿದ್ರೂ ಒಂದೇ ಥರ ಬರೋ ಹಾಗೆ ಜೋಡಿಸಿಬಿಡಮ್ಮ,” ಎಂದ ಅಣ್ಣ.

ಎಂಥಾ ಬುದ್ಧಿವಂತಿಕೆ ನೋಡಿ! ಅವಳು ಅಕ್ಷರಗಳನ್ನು ಬಿಚ್ಚಿ ಬೆಂಚಿನ ಮೇಲೆ ಹರಡಿದಳು. ಒಂದು ‘ಸ’ ಈ ತುದಿಗೆ, ಇನ್ನೊಂದು ಆ ತುದಿಗೆ. ‘ಮ’ ಮತ್ತು ‘ರ’ ಒಂಟಿಯಾಗಿ ಉಳಿದವು.

“ಆಗಲ್ಲ,” ಎಂದಳು. “ಜೋಡಿ ಇಲ್ಲದ್ದು ಒಂದೇ ಇದ್ದಿದ್ರೆ ಮಧ್ಯೆ ಕೂರಿಸಬಹುದಿತ್ತು. ಇಲ್ಲಿ ಎರಡಿವೆ. ಹೇಗೆ ತಿರುಗಿಸಿದ್ರೂ ಅಷ್ಟೇ. ಒಂದನ್ನ ತೆಗೀಬೇಕು.”

“ಹಂಗಾದ್ರೆ ‘ಮ’ ತೆಗಿ, ‘ಸರಸ’ ಅಂತಾಗುತ್ತೆ,” ಎಂದ ತಮ್ಮ. “ತೆಗೆದದ್ದು ನಂಗೆ ಕೊಡಕ್ಕ.”

“ಅದ್ಯಾಕೋ ನಿಂಗೆ? ಹಿರಿಯ ನಾನಿಲ್ವಾ?” ಅಣ್ಣ ಮೇಲೇರಿ ಬಂದ.

“ಕಪಾಟು ಹೊಡ್ಕೊಂಡಿದ್ದು ಸಾಲ್ದಾ ನಿಂಗೆ? ಕರಗಿಸಿ ಅರ್ಧರ್ಧ ಮಾಡೋಣ ಬಾ!” ತಮ್ಮನೂ ರೇಗಿದ.

ಕರಗಿಸುವ ಮಾತು ಕೇಳಿದ್ದೇ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಬ್ಬರೂ ಕೈ ಚಾಚುವ ಮೊದಲೇ ‘ಮ’ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

“ಏಯ್, ಅದು ಯಾರ ಪಾಲು?” ಎಂದ ಅಣ್ಣ.

“ನಂದು.”

“ನಿಂದು ಹೇಗಾಗುತ್ತೆ...” ಎಂದು ಶುರು ಮಾಡಿದ ತಮ್ಮ ಅರ್ಧಕ್ಕೇ ನಿಲ್ಲಿಸಿದ. ಅಣ್ಣ ಏಣಿ ತಂದು ಗೋಡೆಗೆ ಒರಗಿಸಿದ.

ಅವಳು ಏಣಿ ಹತ್ತಿ ಮೂರು ಅಕ್ಷರಗಳನ್ನೂ ಕೂರಿಸಿ, ತಿರುಪು ಬಿಗಿ ಮಾಡಿ ಕೆಳಗಿಳಿದಳು. ಎರಡು ಬಾಗಿಲಿಂದಲೂ ‘ಸರಸ’ವೇ.

“ಇನ್ನೇನಾದ್ರೂ... ಬೇಕಿತ್ತೇನಮ್ಮ?” ಅಣ್ಣನ ದನಿ ಇಳಿದಿತ್ತು.

“ಬೇಕಿತ್ತು. ಅವತ್ತೇ ಕೇಳಬೇಕಿತ್ತು ನೀವು,” ಎಂದವಳೇ ಚೀಲ ಹೆಗಲಿಗೇರಿಸಿ ಹೊರಟಳು.