ಕ್ರೇನಿನವನು ನುಂಗದ ಮಾತ್ರೆ

ನನ್ನ ತಮ್ಮ ಕ್ರೇನ್ ನಡೆಸುವವನು, ಹಿಡಿದ ಪಟ್ಟು ಬಿಡುವ ಆಸಾಮಿಯಲ್ಲ. ಹೃದಯದ ಆಪರೇಷನ್ನಿನ ಬೆಳಿಗ್ಗೆ ನರ್ಸ್ ಒಂದು ಚಿಕ್ಕ ಮಾತ್ರೆ, ಒಂದು ಗುಟುಕು ನೀರು ತಂದು ಮುಂದೆ ಹಿಡಿದರೆ, ಈ ಮಹಾರಾಯ ತುಟಿ ಬಿಗಿದು ಕೂತುಬಿಟ್ಟ.

"ಬಾಯಿಗೆ ಏನೂ ಹಾಕ್ಬೇಡಿ ಅಂತ ಅರಿವಳಿಕೆ ಡಾಕ್ಟ್ರು ಹೇಳಿದಾರೆ. ನಾನು ತಗೊಳಲ್ಲ."

"ಇದೊಂದು ತಗೋಬೇಕು ಸರ್," ಅಂದಳು ನರ್ಸ್. "ದಿನಾ ತಗೊಳ್ತಿದ್ರಲ್ಲ, ಅದೇ ಮಾತ್ರೆ. ಇವತ್ತು ತಪ್ಪಿಸಿದ್ರೆ ಆಪರೇಷನ್ ಆದ್ಮೇಲೆ ಎದೆಬಡಿತ ತಾಳ ತಪ್ಪೋದು ಜಾಸ್ತಿ."

ಆ ಮಾತಿಗೇ ನನಗೆ ನಮ್ಮ ಅಣ್ಣ ನೆನಪಾದ. ಅವನಿಗೂ ಬೇರೆ ಊರಲ್ಲಿ ಇದೇ ಆಪರೇಷನ್ ಆಗಿತ್ತು. ಚೆನ್ನಾಗೇ ಆಯಿತು. ಆಮೇಲೆ ಬಡಿತ ಅಡ್ಡಾದಿಡ್ಡಿ ಓಡತೊಡಗಿ, ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ತುಣುಕು ಮೆದುಳಿಗೆ ಹೋಯಿತು. ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡುತ್ತಿದ್ದ ಅಣ್ಣ ಈಗ ನೀರು ಕೇಳಬೇಕಾದರೂ ಪದ ಹುಡುಕುತ್ತಾನೆ. ಇವನಿಗೂ ಹಾಗಾದರೆ? ಹೆದರಿಕೆಗೆ ನನ್ನ ಪಿತ್ತ ನೆತ್ತಿಗೇರಿತು.

"ನುಂಗೋ, ದರಿದ್ರದವನೇ!"

"ಅಕ್ಕಾ, ನಮ್ಮ ಕೆಲಸದಲ್ಲಿ ಯಾರು 'ನಿಲ್ಸು' ಅಂದ್ರೂ ಕ್ರೇನ್ ನಿಲ್ಲಿಸ್ಬೇಕು. ಮತ್ತೆ ಶುರು ಮಾಡೋಕೆ ಮಾತ್ರ ನಿಲ್ಸಿದವ್ರೇ ಹೇಳ್ಬೇಕು. ನಡುವೆ ಇನ್ಯಾರೋ ಬಂದು 'ಪರವಾಗಿಲ್ಲ, ಎತ್ತು' ಅಂದಿದ್ದಕ್ಕೆ ಎತ್ತಿ, ಜನ ಭಾರದಡಿ ಸಿಕ್ಕಿದ್ದು ನೋಡಿದೀನಿ."

ನರ್ಸ್ ಜಪ್ಪಯ್ಯ ಅಂದರೂ ಅವನು ಬಾಯಿ ತೆರೆಯಲಿಲ್ಲ. ಅವಳು ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಅಷ್ಟರಲ್ಲಿ ಅವನನ್ನು ಒಯ್ಯಲು ಸ್ಟ್ರೆಚರ್ ವಾರ್ಡಿನ ಬಾಗಿಲಿಗೇ ಬಂತು.

ಇವನ ಹತ್ತಿರ ಗುದ್ದಾಡಿ ಫಲವಿಲ್ಲವೆಂದು ನಾನು ದಡದಡ ಹೋಗಿ ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ.

"ಇಲ್ಲಿ ನಿಲ್ಬಾರ್ದಮ್ಮಾ," ಅಂದ ಕಾವಲಿನವನು.

"ಅರಿವಳಿಕೆ ಡಾಕ್ಟ್ರನ್ನ ಹೊರಗೆ ಕಳ್ಸಿ, ಹೋಗ್ತೀನಿ. ಇಲ್ದಿದ್ರೆ ಇಲ್ಲೇ ಕೂಗಾಡ್ತೀನಿ. ನನ್ನ ಗಂಟಲು ನೀವು ಕೇಳಿಲ್ಲ."

ಕೇಳುವ ಆಸೆ ಅವನಿಗಿರಲಿಲ್ಲ. ಡಾಕ್ಟರು ಬಂದರು, ವಿಷಯ ಕೇಳಿ ನಕ್ಕರು, ನನ್ನ ಜೊತೆಗೇ ವಾರ್ಡಿಗೆ ನಡೆದರು. ತಮ್ಮನ ನಾಡಿ, ಬಿಪಿ ನೋಡಿ ತಲೆಯಾಡಿಸಿದರು.

"ತಪ್ಪು ನಂದೇ. ಏನೂ ಬೇಡ ಅಂದೆ, ಈ ಮಾತ್ರೆ ಒಂದು ಬಿಟ್ಟು ಅಂತ ಬಿಡಿಸಿ ಹೇಳ್ಲಿಲ್ಲ. ಇದು ಪೂರ್ತಿ ಖಾತ್ರಿ ಏನಲ್ಲ, ಆದ್ರೆ ಅಪಾಯ ಕಡಿಮೆ ಮಾಡತ್ತೆ. ನಿಲ್ಸಿದವನು ನಾನೇ, ಹೇಳ್ತಿರೋನೂ ನಾನೇ. ನುಂಗಿ."

"ಹಾಗೆ ಹೇಳಿ ಮತ್ತೆ," ಅಂತ ತಮ್ಮ ಗುಳುಂ ಮಾಡಿದ. ಅಲ್ಲೇ ಎರಡು ಬಿಡೋಣ ಅನ್ನಿಸಿತು ನನಗೆ.

ಆಪರೇಷನ್ ಆದ ಮರುದಿನದಿಂದ ಅದೇ ಮಾತ್ರೆ ಮುಂದುವರಿಯಿತು. ಅಣ್ಣನಿಗೆ ಕಂಟಕವಾಗಿದ್ದ ಆ ದಿನಗಳನ್ನು ನಾನು ಜೀವ ಕೈಯಲ್ಲಿ ಹಿಡಿದು ಕಳೆದೆ. ಮಾನಿಟರ್ ಪೀ ಎಂದರೆ ಸಾಕು, ಎದ್ದು ನಿಲ್ಲುತ್ತಿದ್ದೆ. ಪಕ್ಕದ ಹಾಸಿಗೆಯದ್ದು ಅಂತ ನರ್ಸ್ ಅಂದರೂ ಕೂರಲು ಮನಸ್ಸಾಗುತ್ತಿರಲಿಲ್ಲ. ಅಣ್ಣನೂ ಹಟ ಹಿಡಿದು ಬಂದು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಹೃದಯದ ಡಾಕ್ಟರು ಬಡಿತದ ದಾಖಲೆ ಪೂರ್ತಿ ನೋಡಿದರು. "ಬಡಿತ ಒಂದು ಸಲಾನೂ ಹಳಿ ತಪ್ಪಿಲ್ಲ. ಮಾನಿಟರ್ ತಂತಿ ತೆಗೀರಿ."

ಗೆದ್ದೆವು! ನಾನು ನರ್ಸನ್ನು ತಬ್ಬಿಕೊಂಡೇಬಿಟ್ಟೆ. ತಮ್ಮನೋ, ತಂತಿ ಬಿಚ್ಚಿದ್ದೇ ತಡ, ಹಾಸಿಗೆ ಹೇಗೆ ತಿರುಗಿಸಬೇಕು, ಕುರ್ಚಿ ಎಲ್ಲಿಡಬೇಕು ಅಂತ ವಾರ್ಡಿನವರಿಗೆಲ್ಲ ಉಪದೇಶ ಶುರುಮಾಡಿದ.

"ಸಾಕು, ಬಾಯಿ ಮುಚ್ಚೋ," ಅಂದೆ.

ಅಣ್ಣ ನನ್ನ ತೋಳು ಹಿಡಿದ. ತುಟಿ ಅಲುಗಿತು, ಪದ ಸಿಗಲಿಲ್ಲ. ಮತ್ತೆ ಪ್ರಯತ್ನಿಸಿದ.

"ಬೇಡ... ಮಾತಾಡ್ಲಿ," ಅಂದ. ಅವನ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದ.